ಒಂದೇ ಡಬ್ಬಿಯ ಹನ್ನೆರಡು ಗಾಲ್ಫ್ ಚೆಂಡುಗಳು ಒಂದೇ ಆಗಿರುತ್ತವೆಯೇ?

ಪ್ರಶ್ನೆ: ನಾನು ಮೂಲತಃ ಧಾರವಾಡದವನು. ಹದಿನೈದು ವರ್ಷಗಳಿಂದ ನವಿ ಮುಂಬಯಿಯ ನೆರೂಳಿನಲ್ಲಿದ್ದೇನೆ. ವಾರಕ್ಕೊಮ್ಮೆ ಖಾರ್ಘರ್ ಕಣಿವೆಯ ಮೈದಾನದಲ್ಲಿ ಗಾಲ್ಫ್ ಆಡುತ್ತೇನೆ. ಜೊತೆಗಾರರು ಬಹಳ ಬೆಲೆಯ ಚೆಂಡನ್ನೇ ಆಡಬೇಕು, ಉಳಿದ ಬ್ರ್ಯಾಂಡ್‌ಗಳ ತಯಾರಿಕೆಯನ್ನು ನಂಬುವಂತಿಲ್ಲ ಎನ್ನುತ್ತಾರೆ. ನಾನು ಅದರ ಅರ್ಧ ಬೆಲೆಯ ಚೆಂಡು ಬಳಸುತ್ತೇನೆ. ಒಂದೇ ಡಬ್ಬಿಯ ಕೆಲವು ಚೆಂಡುಗಳು ಒಂದೇ ಬಗೆಯ ಹೊಡೆತಕ್ಕೆ ಹತ್ತು ಗಜ ಹಿಂದೆ ಬೀಳುತ್ತವೆ ಎಂದು ನನಗೆ ಅನ್ನಿಸುತ್ತದೆ. ಇದು ಚೆಂಡಿನ ದೋಷವೋ, ನನ್ನ ತೋಳಿನದೋ? ಬ್ರ್ಯಾಂಡ್‌ಗಳ ನಡುವೆ ಗುಣಮಟ್ಟದ ವ್ಯತ್ಯಾಸ ನಿಜಕ್ಕೂ ಇದೆಯೇ? ಆಟಗಾರರ ಚೀಲ ಹೊರುವ ಕ್ಯಾಡಿಗಳು ಮಾರುವ, ಕೆರೆಯಿಂದ ತೆಗೆದ ಚೆಂಡುಗಳನ್ನು ಕೊಳ್ಳಬಹುದೇ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರಿಸಲು ನನಗೆ ಎರಡು ಕಡೆಯ ಅನುಭವವಿದೆ. ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳಿಗೆ ರಬ್ಬರ್ ಬಿಡಿಭಾಗಗಳನ್ನು ಅಚ್ಚು ಹಾಕುವ ಕಾರ್ಖಾನೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಣಮಟ್ಟದ ಕೆಲಸ ಮಾಡಿದ್ದೇನೆ, ಮತ್ತು ಅಷ್ಟೇ ಕಾಲ ಯೆರವಡೆಯ ಮೈದಾನದಲ್ಲಿ ಚೆಂಡುಗಳನ್ನು ಹೊಡೆದಿದ್ದೇನೆ, ಕಳೆದಿದ್ದೇನೆ. ಗಾಲ್ಫ್ ಚೆಂಡು ನೋಡಲು ಆಟದ ಸಾಮಾನಾದರೂ ಒಳಗೆ ಅದು ಅಚ್ಚಿನಲ್ಲಿ ಬೆಂದ ರಬ್ಬರ್. ಆ ರಬ್ಬರಿನ ಸ್ವಭಾವ ತಿಳಿದವರಿಗೆ, ಹನ್ನೆರಡು ಚೆಂಡುಗಳು ಹೇಗೆ ಬೇರೆಬೇರೆಯಾಗುತ್ತವೆ ಎಂಬುದಕ್ಕಿಂತ, ಲಕ್ಷಗಟ್ಟಲೆ ಚೆಂಡುಗಳು ಹೇಗೆ ಇಷ್ಟು ಒಂದೇ ಆಗಿ ಬರುತ್ತವೆ ಎಂಬುದೇ ಹೆಚ್ಚು ಬೆರಗಿನ ಸಂಗತಿ.

ಮೊದಲಿಗೆ ಎರಡು ವಿಷಯಗಳನ್ನು ಬಿಡಿಸಿಡುತ್ತೇನೆ, ಏಕೆಂದರೆ ಮೈದಾನದ ಮಾತುಕತೆಯಲ್ಲಿ ಇವೆರಡೂ ಸದಾ ಕಲಸಿಹೋಗುತ್ತವೆ. ಚೆಂಡಿನ ವಿನ್ಯಾಸ ಒಂದು, ಅದರ ತಯಾರಿಕೆ ಇನ್ನೊಂದು. ಅಯಾನೋಮರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯ ಎರಡು ಪದರದ ಚೆಂಡು ಗ್ರೀನ್ ಮೇಲೆ, ಅಂದರೆ ಗುರಿಯ ಕುಳಿಯ ಸುತ್ತಲಿನ ಸಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಬಿದ್ದು ಮುಂದೆ ಓಡುತ್ತದೆ. ಯುರಿಥೇನ್ ಎಂಬ ಮೆದು ಪ್ಲಾಸ್ಟಿಕ್ ಹೊದಿಕೆಯ ಮೂರು ಅಥವಾ ನಾಲ್ಕು ಪದರದ ಚೆಂಡು, ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ವೆಡ್ಜ್ ಎಂಬ ಕೋಲಿನ ಹೊಡೆತಕ್ಕೆ ಹೆಚ್ಚು ತಿರುಗಿ ಬೇಗ ನಿಲ್ಲುತ್ತದೆ. ಇದು ವಿನ್ಯಾಸದ ವ್ಯತ್ಯಾಸ. ಇದು ದೊಡ್ಡದು, ಯಾರ ಕೈಗೂ ತಿಳಿಯುವಂಥದ್ದು. ನಿಮ್ಮ ಜೊತೆಗಾರರು ದುಬಾರಿ ಚೆಂಡಿನಲ್ಲಿ ಅನುಭವಿಸುತ್ತಿರುವುದು ಬಹುಪಾಲು ಇದನ್ನೇ. ಆದರೆ ನೀವು ಕೇಳಿರುವುದು ತಯಾರಿಕೆಯ ವಿಚಾರ: ಒಂದು ವಿನ್ಯಾಸವನ್ನು ಕಾಗದದ ಮೇಲೆ ಇರುವಂತೆಯೇ ಪ್ರತಿ ಚೆಂಡಿನಲ್ಲೂ ಕಾರ್ಖಾನೆ ಮೂಡಿಸುತ್ತಿದೆಯೇ? ಅಗ್ಗದ ವಿನ್ಯಾಸವನ್ನು ಅತ್ಯಂತ ಕರಾರುವಾಕ್ಕಾಗಿ ತಯಾರಿಸಬಹುದು, ದುಬಾರಿ ವಿನ್ಯಾಸವನ್ನು ಸಡಿಲವಾಗಿಯೂ ತಯಾರಿಸಬಹುದು. ಹಾಗಾಗಿ ಬೆಲೆಯೊಂದನ್ನೇ ನೋಡಿ ಎರಡನೆಯ ಪ್ರಶ್ನೆಗೆ ಉತ್ತರ ಹೇಳಲಾಗದು.

ನಿಯಮಗಳು ಇದಕ್ಕೆ ಭರವಸೆ ಕೊಡುವುದಿಲ್ಲವೇ ಎಂದು ನೀವು ಕೇಳಬಹುದು. ಗಾಲ್ಫ್ ಆಟದ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳ ನಿಯಮದಂತೆ ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಆರಂಭಿಕ ವೇಗಕ್ಕೂ ಒಟ್ಟು ದೂರಕ್ಕೂ ಮೇಲ್ಮಿತಿಗಳಿವೆ. ಈ ಮಿತಿಗಳನ್ನು ಇನ್ನೊಮ್ಮೆ ಓದಿ ನೋಡಿ. ತೂಕಕ್ಕೆ ಮೇಲ್ಮಿತಿ ಇದೆ, ಕೆಳಮಿತಿ ಇಲ್ಲ. ವ್ಯಾಸಕ್ಕೆ ಕೆಳಮಿತಿ ಇದೆ, ಮೇಲ್ಮಿತಿ ಇಲ್ಲ. 45.9 ಗ್ರಾಮಿನ ಒಂದು ಚೆಂಡು ಮತ್ತು 45 ಗ್ರಾಮಿನ ಇನ್ನೊಂದು ಚೆಂಡು ಒಂದೇ ಡಬ್ಬಿಯಲ್ಲಿದ್ದರೂ ತೂಕದ ನಿಯಮದ ಮಟ್ಟಿಗೆ ಎರಡೂ ಸರಿಯೇ. ಮಾನ್ಯ ಚೆಂಡುಗಳ ಪಟ್ಟಿಯಲ್ಲಿ ಹೆಸರಿದೆ ಎಂದರೆ, ಪರೀಕ್ಷೆಗೆ ಕೊಟ್ಟ ಮಾದರಿಗಳು ಮಿತಿಯೊಳಗಿದ್ದವು ಎಂದಷ್ಟೇ ಅರ್ಥ. ನೀವು ಕೊಂಡ ಹನ್ನೆರಡು ಚೆಂಡುಗಳು ಒಂದನ್ನೊಂದು ಹೋಲುತ್ತವೆ ಎಂದು ಆ ಪಟ್ಟಿ ಎಲ್ಲೂ ಹೇಳುವುದಿಲ್ಲ.

ಆದರೆ ಈ ಮಿತಿಗಳಿಂದಲೇ ಕಾರ್ಖಾನೆಯ ಶಿಸ್ತನ್ನು ಓದಬಹುದು. ಕಡಿಮೆ ವ್ಯಾಸದಲ್ಲಿ ಹೆಚ್ಚು ತೂಕವಿರುವ ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಆದ್ದರಿಂದ ಪ್ರತಿ ತಯಾರಕರಿಗೂ ತೂಕವನ್ನು ಮೇಲ್ಮಿತಿಯ ಸಮೀಪಕ್ಕೆ ಒಯ್ಯುವ ಆಸೆ ಇರುತ್ತದೆ. ಚೆಂಡಿನಿಂದ ಚೆಂಡಿಗೆ ತೂಕ 0.1 ಗ್ರಾಮಿಗಿಂತ ಹೆಚ್ಚು ಅಲುಗದ ಕಾರ್ಖಾನೆ 45.8 ಗ್ರಾಮನ್ನು ಗುರಿಯಾಗಿಟ್ಟುಕೊಂಡು ನಿಶ್ಚಿಂತೆಯಿಂದ ಇರಬಲ್ಲದು. 0.4 ಗ್ರಾಂ ಅಲುಗುವ ಕಾರ್ಖಾನೆ ಅದೇ ಧೈರ್ಯ ಮಾಡಿದರೆ ಎಷ್ಟೋ ಚೆಂಡುಗಳು ಮಿತಿ ದಾಟುತ್ತವೆ, ಹಾಗಾಗಿ ಅದು 45.5ಕ್ಕೆ ಇಳಿಯಬೇಕಾಗುತ್ತದೆ. ಇವು ವಿವರಣೆಗಾಗಿ ನಾನು ಹಿಡಿದ ಅಂಕಿಗಳು. ಆದರೆ ತತ್ವ ನಮ್ಮ ಭೋಸರಿ, ಚಾಕಣದ ಪ್ರತಿ ಕಾರ್ಖಾನೆಯಲ್ಲೂ ದಿನಬಳಕೆಯದು. ಎತ್ತು ಪಳಗಿದ್ದರೆ ಬದುವಿನ ಅಂಚಿನವರೆಗೂ ಉಳಬಹುದು, ಪಳಗದಿದ್ದರೆ ಎರಡು ಮಾರು ಒಳಗೇ ತಿರುಗಿಸಿಕೊಳ್ಳಬೇಕು. ಒಂದು ಡಬ್ಬಿಯ ಸರಾಸರಿ ತೂಕ ಮಿತಿಗೆ ಸಮೀಪವಿದ್ದು, ಹನ್ನೆರಡೂ ಆ ಸರಾಸರಿಯ ಸುತ್ತ ಒತ್ತಾಗಿ ಕೂತಿದ್ದರೆ, ಅದನ್ನು ತಯಾರಿಸಿದವರ ಮೇಲೆ ನನಗೆ ಗೌರವ ಹುಟ್ಟುತ್ತದೆ, ಮೇಲಿನ ಹೆಸರು ಯಾವುದೇ ಇರಲಿ.

ಈಗ ಚೆಂಡು ಎಲ್ಲೆಲ್ಲಿ ಕೆಡಬಹುದು ಎಂಬುದನ್ನು ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಬ್ರ್ಯಾಂಡ್‌ಗಳ ನಿಜವಾದ ವ್ಯತ್ಯಾಸವಿರುವುದು ಇಲ್ಲಿಯೇ.

ಚೆಂಡಿನ ತಿರುಳು ಪಾಲಿಬ್ಯುಟಡೈಯೀನ್ ಎಂಬ ಕೃತಕ ರಬ್ಬರಿನದು. ಅದಕ್ಕೆ ಜಿಂಕ್ ಡೈಆಕ್ರಿಲೇಟ್ ಎಂಬ ಪುಡಿಯನ್ನು ಗಡಸುತನಕ್ಕಾಗಿಯೂ, ಜಿಂಕ್ ಆಕ್ಸೈಡ್ ಮತ್ತಿತರ ಭಾರದ ಪುಡಿಗಳನ್ನು ತೂಕಕ್ಕಾಗಿಯೂ, ಪೆರಾಕ್ಸೈಡನ್ನು ಬೇಯಿಸುವುದಕ್ಕಾಗಿಯೂ ಸೇರಿಸುತ್ತಾರೆ. ಈ ಡೈಆಕ್ರಿಲೇಟ್ ರಬ್ಬರಿನಲ್ಲಿ ಸಮನಾಗಿ ಹರಡಲು ಸುಲಭವಾಗಿ ಒಪ್ಪುವುದಿಲ್ಲ. ಕಲಸುವಾಗ ಗಂಟುಕಟ್ಟುತ್ತದೆ, ಯಂತ್ರದ ಗೋಡೆಗೆ ಅಂಟುತ್ತದೆ. ಗೋಧಿ ಹಿಟ್ಟಿನಲ್ಲಿ ಉಪ್ಪು ಒಂದೇ ಕಡೆ ಉಳಿದರೆ ಒಂದು ಚಪಾತಿ ಸಪ್ಪೆಯಾಗಿ ಇನ್ನೊಂದು ಕಹಿಯಾಗುವಂತೆ, ಕಲಸುವಿಕೆ ಅರೆಬರೆಯಾದರೆ ಒಂದೇ ಸಲ ಕಲಸಿದ ಮುದ್ದೆಯ ಎರಡು ತಿರುಳುಗಳ ಗಡಸುತನ ಬೇರೆಯಾಗುತ್ತದೆ. ತೇವಾಂಶವೂ ಸಣ್ಣ ಶತ್ರುವಲ್ಲ. ಕಲಸಿದ ಮುದ್ದೆ ತೇವ ಹೀರಿದರೆ ಬೇಯುವ ಬಗೆ ಬದಲಾಗುತ್ತದೆ. ಮಳೆಗಾಲದಲ್ಲಿ ರಬ್ಬರ್ ಕೋಣೆಯ ತೇವಾಂಶದೊಡನೆ ಸೆಣಸಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಈ ಮುದ್ದೆಯ ತುಂಡುಗಳನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾರೆ. ಬೇಯುವ ಕ್ರಿಯೆಯೇ ಶಾಖವನ್ನು ಹೊರಬಿಡುವುದರಿಂದ ತಿರುಳಿನ ನಡುಭಾಗ ಅಚ್ಚಿನ ಗೋಡೆಗಿಂತಲೂ ಬಿಸಿಯಾಗಬಲ್ಲದು. ಮಧ್ಯದಿಂದ ಅಂಚಿನವರೆಗೆ ಗಡಸುತನ ಹೇಗೆ ಏರುತ್ತದೆ ಎಂಬುದು ಅಚ್ಚಿನ ಶಾಖ, ಬೇಯುವ ಹೊತ್ತು ಮತ್ತು ಮಿಶ್ರಣ ಈ ಮೂರನ್ನೂ ಅವಲಂಬಿಸಿದೆ. ಒಂದು ಪ್ರೆಸ್‌ನ ಅಚ್ಚಿನಲ್ಲಿ, ಒಂದೊಂದು ಗುಂಡಿಗೆ ಒಂದರಂತೆ, ಒಂದೇ ಸಲಕ್ಕೆ ಅನೇಕ ತಿರುಳುಗಳು ಬೇಯುತ್ತವೆ. ಇಡ್ಲಿ ಪಾತ್ರೆಯಲ್ಲಿ ಕೆಳಗಿನ ತಟ್ಟೆಗೂ ಮೇಲಿನ ತಟ್ಟೆಗೂ ಹಬೆ ಒಂದೇ ಸಮ ತಾಗದಂತೆ, ಪ್ರೆಸ್‌ನ ಅಂಚಿನ ಗುಂಡಿಗಳಿಗೂ ನಡುವಿನ ಗುಂಡಿಗಳಿಗೂ ಶಾಖದಲ್ಲಿ ಕೆಲವು ಡಿಗ್ರಿಗಳ ಅಂತರ ಬರಬಹುದು. ವಾಹನದ ಬಿಡಿಭಾಗಗಳಲ್ಲಿ ನಾವು ಪ್ರತಿ ಗುಂಡಿಗೂ ಒಂದು ಸಂಖ್ಯೆ ಕೆತ್ತಿರುತ್ತಿದ್ದೆವು. ದೂರು ಬಂದರೆ ಯಾವ ಗುಂಡಿಯ ಮಾಲು ಎಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಗಾಲ್ಫ್ ತಿರುಳಿನ ಮೇಲೆ ಅಂಥ ಗುರುತು ಉಳಿಯುವುದಿಲ್ಲ, ಅದನ್ನು ಸಾಣೆ ಹಿಡಿದು ನಯಗೊಳಿಸುತ್ತಾರೆ. ಬೇರೆಬೇರೆ ಗುಂಡಿಗಳ, ಬೇರೆಬೇರೆ ಪ್ರೆಸ್‌ಗಳ ತಿರುಳುಗಳು ಮುಂದಿನ ಹಂತಕ್ಕೆ ಬೆರೆತೇ ಹೋಗುತ್ತವೆ. ಆದ್ದರಿಂದ ನಿಮ್ಮ ಕೈಗೆ ಬರುವ ಡಜನ್ ಎಂದರೆ ಒಂದು ಅಚ್ಚಿನ ಹನ್ನೆರಡು ಮಕ್ಕಳಲ್ಲ, ಇಡೀ ಕಾರ್ಖಾನೆಯಿಂದ ಹೆಕ್ಕಿದ ಹನ್ನೆರಡು ಮಾದರಿಗಳು. ಕಾರ್ಖಾನೆಯ ಎಲ್ಲ ಏರುಪೇರುಗಳೂ ಒಂದೇ ಡಬ್ಬಿಯೊಳಗೆ ಬಂದು ಕೂರಬಹುದು.

ನೀವು ಗಮನಿಸಿದ ಗಜಗಳ ವ್ಯತ್ಯಾಸಕ್ಕೆ ಚೆಂಡೇ ಕಾರಣವಾಗಿದ್ದರೆ, ಅದರ ಮೂಲ ಹೆಚ್ಚಾಗಿ ಈ ಹಂತದಲ್ಲಿರುತ್ತದೆ. ಚೆಂಡನ್ನು ಒತ್ತಿದಾಗ ಅದು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದನ್ನು ಕಂಪ್ರೆಷನ್ ಎಂಬ ಅಂಕಿಯಿಂದ ಹೇಳುತ್ತಾರೆ. ಮೃದು ಚೆಂಡುಗಳದ್ದು 40ರ ಆಸುಪಾಸು, ವೃತ್ತಿಪರರು ಆಡುವ ಚೆಂಡುಗಳದ್ದು 90 ಅಥವಾ ಅದಕ್ಕೂ ಮೇಲು ಇರುವುದುಂಟು. ಈ ಅಂಕಿ ಕಡಿಮೆ ಇದ್ದ ಮಾತ್ರಕ್ಕೆ ಚೆಂಡು ಕೆಟ್ಟದ್ದಲ್ಲ, ಅದು ವಿನ್ಯಾಸದ ಆಯ್ಕೆ. ಆದರೆ ಒಂದೇ ಡಬ್ಬಿಯಲ್ಲಿ ಒಂದು ಚೆಂಡು 80, ಇನ್ನೊಂದು 92 ಎಂದಾದರೆ ಅದು ತಯಾರಿಕೆಯ ದೋಷ. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್‌ನಿಂದ ಹೊರಡುವ ಚೆಂಡಿನ ವೇಗದಲ್ಲಿ ಗಂಟೆಗೆ ಒಂದು ಮೈಲಿಯ ವ್ಯತ್ಯಾಸ ಸ್ಥೂಲವಾಗಿ ಎರಡು ಗಜಕ್ಕೆ ಸಮ. ತೂಕದಲ್ಲಿ ಕಾಲು ಗ್ರಾಮಿನ ವ್ಯತ್ಯಾಸದಿಂದ ಇಷ್ಟು ತೊಂದರೆ ಬರುವುದಿಲ್ಲ. ಬೆಂದ ಹದದ ವ್ಯತ್ಯಾಸದಿಂದ ಬರಬಹುದು.

ಇನ್ನು ಹೊದಿಕೆ. ಅಯಾನೋಮರ್ ಹೊದಿಕೆಯನ್ನು ಇಂಜೆಕ್ಷನ್ ಯಂತ್ರದಲ್ಲಿ ಹಾಕುವಾಗ ತಿರುಳನ್ನು ಅಚ್ಚಿನ ನಟ್ಟನಡುವೆ ಸಣ್ಣ ಸೂಜಿಗಳು ಎತ್ತಿ ಹಿಡಿದಿರುತ್ತವೆ. ಕರಗಿದ ಪ್ಲಾಸ್ಟಿಕ್ ಸುತ್ತಲೂ ತುಂಬಿ, ಇನ್ನೇನು ಗಟ್ಟಿಯಾಗಬೇಕು ಎನ್ನುವ ಕ್ಷಣದಲ್ಲಿ ಸೂಜಿಗಳು ಹಿಂದೆ ಸರಿಯಬೇಕು. ಬೇಗ ಸರಿದರೆ ಪ್ಲಾಸ್ಟಿಕ್ಕಿನ ಒತ್ತಡಕ್ಕೆ ತಿರುಳು ಒಂದು ಬದಿಗೆ ಜರಗುತ್ತದೆ, ತಡವಾದರೆ ಹೊದಿಕೆಯಲ್ಲಿ ಗುರುತು ಉಳಿಯುತ್ತದೆ. ಎರಕದ ಯುರಿಥೇನ್‌ನಲ್ಲಿ ಸೂಕ್ಷ್ಮ ಇನ್ನೂ ಹೆಚ್ಚು. ಅರ್ಧ ಅಚ್ಚಿನಲ್ಲಿ ದ್ರವವನ್ನು ಸುರಿದು, ಅದು ಮಂದವಾಗತೊಡಗಿದ ಹದದಲ್ಲಿ ತಿರುಳನ್ನು ಅದರೊಳಗೆ ಇಳಿಸಿ, ಬಳಿಕ ಇನ್ನರ್ಧವನ್ನು ಕೂಡಿಸುತ್ತಾರೆ. ಪಾಕ ಒಂದೆಳೆಯೋ ಎರಡೆಳೆಯೋ ಎಂದು ನೋಡಿ ಉಂಡೆ ಕಟ್ಟುವವರಿಗೆ ಈ ಹದದ ಕಷ್ಟ ಗೊತ್ತು. ಇಂಥ ಹೊದಿಕೆ ಒಂದು ಮಿಲಿಮೀಟರಿಗೂ ತೆಳು. ಅದು 0.7 ಮಿಲಿಮೀಟರ್ ಇದೆ, ತಿರುಳು ಕೇವಲ 0.1 ಮಿಲಿಮೀಟರ್ ಜರಗಿದೆ ಎಂದಿಟ್ಟುಕೊಳ್ಳಿ. ಒಂದು ಬದಿಯಲ್ಲಿ 0.8, ಎದುರು ಬದಿಯಲ್ಲಿ 0.6 ಆಗುತ್ತದೆ, ಅಂದರೆ ಒಂದು ಬದಿ ಇನ್ನೊಂದಕ್ಕಿಂತ ಮೂರನೆಯ ಒಂದು ಭಾಗದಷ್ಟು ದಪ್ಪ. ಬರಿಗಣ್ಣಿಗೆ ಕಾಣದ ಜರಗುವಿಕೆಗೆ ಇಷ್ಟು ಪರಿಣಾಮ.

ತಿರುಳು ನಡುವೆ ಇದೆಯೇ ಎಂದು ತಿಳಿಯಲು ಎಕ್ಸ್‌ರೇ ಬೇಕು. ಈ ಉದ್ಯಮದ ಒಂದು ಪ್ರಸಿದ್ಧ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಅಮೆರಿಕದ ಅಕುಶ್ನೆಟ್ ಎಂಬ ರಬ್ಬರ್ ಕಂಪನಿಯ ಮಾಲೀಕ ಫಿಲ್ ಯಂಗ್, ತಾನು ಚೆನ್ನಾಗಿಯೇ ಹೊಡೆದ ಪಟ್, ಅಂದರೆ ಚೆಂಡನ್ನು ಕುಳಿಯೊಳಕ್ಕೆ ಉರುಳಿಸುವ ಮೆಲು ಹೊಡೆತ, ತಪ್ಪಿದ್ದಕ್ಕೆ ಚೆಂಡೇ ಕಾರಣವಿರಬೇಕೆಂದು ಶಂಕಿಸಿ, ಪರಿಚಿತ ವೈದ್ಯರೊಬ್ಬರ ಎಕ್ಸ್‌ರೇ ಯಂತ್ರದಲ್ಲಿ ಅದನ್ನು ನೋಡಿಸಿದನಂತೆ. ತಿರುಳು ಓರೆಯಾಗಿತ್ತು. ಆಗಿನ ಚೆಂಡುಗಳಲ್ಲಿ ತಿರುಳಿನ ಸುತ್ತ ರಬ್ಬರ್ ದಾರವನ್ನು ಬಿಗಿದು ಸುತ್ತುತ್ತಿದ್ದರು, ಓರೆಯಾಗಲು ಅವಕಾಶ ಬಹಳವಿತ್ತು. ಆ ಕಂಪನಿ 1935ರಲ್ಲಿ ಟೈಟ್ಲಿಸ್ಟ್ ಚೆಂಡನ್ನು ತಂದಿತು, ಎಕ್ಸ್‌ರೇ ಪರೀಕ್ಷೆಯನ್ನು ತನ್ನ ಗುರುತನ್ನಾಗಿ ಮಾಡಿಕೊಂಡಿತು. ವಾಹನ ಕಂಪನಿಗಳಿಗೆ ಮಾಲು ಒಪ್ಪಿಸುತ್ತಿದ್ದ ನನ್ನಂಥವನಿಗೆ ಈ ಕಥೆ ಇಷ್ಟವಾಗುವುದು ಸಹಜ, ಅಳೆಯದೆ ದೂರುವುದು ನಮ್ಮ ವೃತ್ತಿಯಲ್ಲಿ ನಡೆಯುತ್ತಿರಲಿಲ್ಲ.

ಹೊದಿಕೆಯ ಮೇಲಿನ ಡಿಂಪಲ್‌ಗಳು, ಅಂದರೆ ಗುಳಿಗಳು, ಬರಿಯ ಅಲಂಕಾರವಲ್ಲ. ಅವು ಚೆಂಡಿಗೆ ಅಂಟಿದ ಗಾಳಿಯ ತೆಳುಪದರವನ್ನು ಕದಡುತ್ತವೆ. ಕದಡಿದ ಪದರ ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಬರುವುದರಿಂದ ಹಿಂದಿನ ಎಳೆತ ಕಡಿಮೆಯಾಗುತ್ತದೆ. ಗುಳಿಯಿಲ್ಲದ ನುಣುಪು ಚೆಂಡು ಸರಿಸುಮಾರು ಅರ್ಧ ದೂರ ಹೋಗುತ್ತದೆ. ಸಾಮಾನ್ಯವಾಗಿ ಒಂದು ಚೆಂಡಿನ ಮೇಲೆ 300ರಿಂದ 400 ಗುಳಿಗಳಿರುತ್ತವೆ. ಪ್ರತಿಯೊಂದರ ಆಳ ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಇಷ್ಟು ತೆಳು ಗುಳಿಯ ತಳದಲ್ಲಿ ಬಣ್ಣ ನಿಂತರೆ ಅಥವಾ ಅಚ್ಚಿನ ಎರಡು ಅರ್ಧಗಳು ಕೂಡುವ ಅಂಚನ್ನು ಉಜ್ಜಿ ನುಣುಪು ಮಾಡುವಾಗ ಅಲ್ಲಿನ ಗುಳಿಗಳು ಸವೆದರೆ ಚೆಂಡಿನ ಏರಿಳಿತವೇ ಬದಲಾಗುತ್ತದೆ. ಗುಳಿಗಳ ಆಳಕ್ಕೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಒಂದು ಪುರಾವೆ ಹೇಳುತ್ತೇನೆ. 1970ರ ದಶಕದಲ್ಲಿ ಪೊಲಾರಾ ಎಂಬ ಚೆಂಡು ಬಂತು. ಅದರಲ್ಲಿ ಗುಳಿಗಳ ಆಳ ಎಲ್ಲ ಕಡೆ ಒಂದೇ ಇರಲಿಲ್ಲ, ಹಾಗಾಗಿ ಅದು ಪಕ್ಕಕ್ಕೆ ವಾಲುವ ಹೊಡೆತವನ್ನು ತಾನೇ ತಿದ್ದಿಕೊಂಡು ನೇರ ಹಾರುತ್ತಿತ್ತು. ಇಂಥ ಚೆಂಡುಗಳನ್ನು ಹೊರಗಿಡಲೆಂದೇ 1981ರಲ್ಲಿ ಸಮ್ಮಿತಿಯ ನಿಯಮ ಬಂದು, ಚೆಂಡು ಯಾವ ಬದಿಯಿಂದ ಹೊಡೆದರೂ ಒಂದೇ ರೀತಿ ಹಾರಬೇಕೆಂದಾಯಿತು. ಬೇಕೆಂದೇ ಮಾಡಿದ ಅಸಮತೆ ಚೆಂಡನ್ನು ಅಷ್ಟು ತಿರುಗಿಸಬಲ್ಲದಾದರೆ, ಅಜಾಗರೂಕತೆಯಿಂದ ಬಂದ ಅಸಮತೆಯನ್ನು ಕಡೆಗಣಿಸುವಂತಿಲ್ಲ.

ಇಷ್ಟು ತಿಳಿದ ಮೇಲೆ ಬ್ರ್ಯಾಂಡ್‌ಗಳ ಮಾತು. ಬ್ರ್ಯಾಂಡ್ ಬೇರೆ, ಕಾರ್ಖಾನೆ ಬೇರೆ ಎಂಬುದನ್ನು ಮನಸ್ಸಿನಲ್ಲಿಡಿ. ಟೈಟ್ಲಿಸ್ಟ್‌ಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿಯೂ ಥಾಯ್ಲೆಂಡಿನಲ್ಲಿಯೂ ಸ್ವಂತ ಕಾರ್ಖಾನೆಗಳಿವೆ. ಕ್ಯಾಲವೇಯದ್ದು ಮ್ಯಾಸಚೂಸೆಟ್ಸ್‌ನ ಚಿಕಪಿಯಲ್ಲಿದೆ. ಬ್ರಿಜ್‌ಸ್ಟೋನ್ ಟೈರ್ ತಯಾರಕರ ಮನೆತನದ್ದು, ಸ್ರಿಕ್ಸನ್‌ನ ಒಡೆತನ ಸುಮಿಟೊಮೊ ರಬ್ಬರ್ ಕಂಪನಿಯದು. ರಬ್ಬರನ್ನು ಕುಲಕಸುಬಾಗಿ ಮಾಡಿದವರ ಚೆಂಡಿನ ತಿರುಳು ಹದವಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, ನೇರವಾಗಿ ಆನ್‌ಲೈನ್‌ನಲ್ಲಿ ಮಾರುವ ಅನೇಕ ಹೆಸರುಗಳಿಗೆ ಸ್ವಂತ ಕಾರ್ಖಾನೆ ಇಲ್ಲ. ತೈವಾನ್, ಕೊರಿಯಾ, ಚೀನಾದ ಕಾರ್ಖಾನೆಗಳು ಅವರಿಗಾಗಿ ತಯಾರಿಸುತ್ತವೆ. ಅವುಗಳಲ್ಲಿ ತೈವಾನಿನ ಫೋರ್‌ಮೋಸ್ಟ್‌ನಂಥ ಬಹಳ ಸಮರ್ಥ ಕಾರ್ಖಾನೆಗಳೂ ಇವೆ. ತೊಂದರೆ ಸಾಮರ್ಥ್ಯದ್ದಲ್ಲ, ನಿರಂತರತೆಯದ್ದು. ಅಮೆರಿಕದ ಕಾಸ್ಟ್‌ಕೋ ಮಳಿಗೆಯವರು 2016ರಲ್ಲಿ ಕರ್ಕ್‌ಲ್ಯಾಂಡ್ ಹೆಸರಿನಲ್ಲಿ ನಾಲ್ಕು ಪದರದ ಯುರಿಥೇನ್ ಚೆಂಡನ್ನು ಬಹಳ ಅಗ್ಗಕ್ಕೆ ಮಾರಿದಾಗ ಜನ ಮುಗಿಬಿದ್ದು ಕೊಂಡರು. ಮಾಲು ಮುಗಿಯಿತು. ಕೆಲವು ವರ್ಷಗಳಲ್ಲಿ ಅದೇ ಕರ್ಕ್‌ಲ್ಯಾಂಡ್ ಹೆಸರಿನಲ್ಲಿ ಬಂದದ್ದು ಮೂರು ಪದರದ ಬೇರೆಯೇ ಚೆಂಡು. ಹಳೆಯ ಹೊಗಳಿಕೆ ಕೇಳಿ ಹೊಸದನ್ನು ಕೊಂಡವರಿಗೆ ಆ ಹೊಗಳಿಕೆ ಅನ್ವಯಿಸುತ್ತಿರಲಿಲ್ಲ. ಒಪ್ಪಂದದ ಮೇಲೆ ತಯಾರಾಗುವ ಚೆಂಡಿಗೆ ನಾನು ಸದಾ ಕೊಡುವ ಎಚ್ಚರಿಕೆ ಇದು: ಕಳೆದ ವರ್ಷದ ಡಬ್ಬಿ ಚೆನ್ನಾಗಿತ್ತೆಂದು ಈ ವರ್ಷದ್ದನ್ನು ಅಳೆಯದೆ ನಂಬಬೇಡಿ.

ಹಾಗಾದರೆ ನನ್ನ ಅಭಿಪ್ರಾಯ ಇಷ್ಟು. ಬ್ರ್ಯಾಂಡ್‌ಗಳ ನಡುವೆ ತಯಾರಿಕೆಯ ಶಿಸ್ತಿನ ವ್ಯತ್ಯಾಸ ನಿಜಕ್ಕೂ ಇದೆ. ಆದರೆ ಸ್ವಂತ ಕಾರ್ಖಾನೆಯಿರುವ ಹಳೆಯ ಕಂಪನಿಗಳ ಮಧ್ಯಮ ಬೆಲೆಯ ಚೆಂಡಿಗೂ ಅತಿ ದುಬಾರಿ ಚೆಂಡಿಗೂ ನಡುವೆ ಅದು ಚಿಕ್ಕದು, ಅಲ್ಲಿ ನೀವು ಹೆಚ್ಚು ಹಣ ಕೊಡುತ್ತಿರುವುದು ವಿನ್ಯಾಸಕ್ಕೆ. ಹೆಸರು ಕೇಳದ ಚೆಂಡುಗಳಲ್ಲಿ ಮಾತ್ರ ಡಬ್ಬಿಯಿಂದ ಡಬ್ಬಿಗೆ ಅದೃಷ್ಟ ಬದಲಾಗುತ್ತದೆ. ನಿಮ್ಮ ಜೊತೆಗಾರರ ಮಾತು ಅರ್ಧ ಸರಿ. ನಿಮ್ಮ ಅರ್ಧ ಬೆಲೆಯ ಚೆಂಡು ಸ್ವಂತ ಕಾರ್ಖಾನೆಯವರದ್ದಾಗಿದ್ದರೆ ಬದಲಿಸಬೇಕಾದ ಕಾರಣ ನನಗೆ ಕಾಣುವುದಿಲ್ಲ. ಒಂದೇ ಮಾದರಿಯನ್ನು ಇಡೀ ಋತು ಆಡಿ. ಪ್ರತಿ ವಾರ ಬೇರೆಬೇರೆ ಚೆಂಡು ಆಡುವವರು ತಂದುಕೊಳ್ಳುವ ವ್ಯತ್ಯಾಸ ಯಾವ ಕಾರ್ಖಾನೆ ತರುವ ವ್ಯತ್ಯಾಸಕ್ಕಿಂತಲೂ ದೊಡ್ಡದು.

ಮನೆಯಲ್ಲಿಯೇ ಅಳೆಯುವ ಬಗೆ ಹೇಳುತ್ತೇನೆ. ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹನ್ನೆರಡನ್ನೂ ಒರೆಸಿ ತೂಗಿ, ಬರೆದಿಡಿ. ಮೊದಲು ನೋಡಬೇಕಾದದ್ದು ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರವನ್ನು, ಸರಾಸರಿ ಅದರ ನಂತರ. ಹಿಂದೊಮ್ಮೆ ಆನ್‌ಲೈನ್ ಮಾರಾಟಗಾರನೊಬ್ಬನಿಂದ ಪ್ರಸಿದ್ಧ ಹೆಸರಿನ ಡಬ್ಬಿಯೊಂದನ್ನು ನಾನು ಕಡಿಮೆ ಬೆಲೆಗೆ ತರಿಸಿದ್ದೆ. ತೂಗಿದಾಗ ಅಂತರ ಒಂದು ಗ್ರಾಮಿಗೂ ಹೆಚ್ಚಿತ್ತು, ಎರಡು ಚೆಂಡುಗಳು ನಿಯಮದ ಮೇಲ್ಮಿತಿಯನ್ನೇ ದಾಟಿದ್ದವು. ಡಬ್ಬಿಯ ಮುದ್ರಣವೂ ಸ್ವಲ್ಪ ಮಸುಕಾಗಿದ್ದುದು ಆಮೇಲೆ ಕಣ್ಣಿಗೆ ಬಿತ್ತು. ಅವು ನಕಲಿ ಚೆಂಡುಗಳು. ತಕ್ಕಡಿ ಇಲ್ಲದಿದ್ದರೆ ನಾನು ಆ ತಿಂಗಳೆಲ್ಲ ನನ್ನ ಹೊಡೆತವನ್ನೇ ದೂರಿಕೊಳ್ಳುತ್ತಿದ್ದೆ.

ಎರಡನೆಯದು ಉಪ್ಪುನೀರಿನ ಪರೀಕ್ಷೆ. ಮಿತಿಯ ತೂಕ ಮತ್ತು ಮಿತಿಯ ವ್ಯಾಸದಿಂದ ಲೆಕ್ಕ ಹಾಕಿದರೆ ಗಾಲ್ಫ್ ಚೆಂಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.13 ಗ್ರಾಂ ಆಗುತ್ತದೆ. ಆದ್ದರಿಂದ ಅದು ಸಿಹಿನೀರಿನಲ್ಲಿ ಮುಳುಗುತ್ತದೆ, ಅರಬ್ಬಿ ಸಮುದ್ರದಲ್ಲಿಯೂ ಮುಳುಗುತ್ತದೆ, ಏಕೆಂದರೆ ಸಮುದ್ರದ ನೀರಿನ ಸಾಂದ್ರತೆ 1.03ನ್ನೂ ಮುಟ್ಟುವುದಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 250 ಗ್ರಾಂ ಅಡುಗೆ ಉಪ್ಪು ಕರಗಿಸಿ ತಣಿಸಿದರೆ ಸಾಂದ್ರತೆ 1.14ನ್ನು ದಾಟುತ್ತದೆ, ಚೆಂಡು ತೇಲುತ್ತದೆ. ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿದರೆ ಗುಳಿಗಳಿಗೆ ಗಾಳಿಗುಳ್ಳೆ ಅಂಟುವುದಿಲ್ಲ. ತೇಲುವ ಚೆಂಡನ್ನು ಮೆಲ್ಲಗೆ ತಿರುಗಿಸಿ ಬಿಡಿ, ನಿಂತಾಗ ಮೇಲ್ಗಡೆ ಬಂದ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಡಿ. ಐದಾರು ಸಲ ಬೇರೆಬೇರೆ ದಿಕ್ಕಿನಲ್ಲಿ ತಿರುಗಿಸಿದರೂ ಅದೇ ಚುಕ್ಕೆ ಚುರುಕಾಗಿ ಮೇಲೆ ಬಂದರೆ ಎದುರು ಬದಿ ಭಾರವಾಗಿದೆ ಎಂದರ್ಥ. ಆದರೆ ಈ ಪರೀಕ್ಷೆಯ ಮಿತಿಯನ್ನೂ ತಿಳಿದಿರಿ. ಇದು ಹಿಡಿಯುವುದು ಭಾರದ ಓರೆಯನ್ನು ಮಾತ್ರ. ತಿರುಳಿನ ಮತ್ತು ಹೊದಿಕೆಯ ಸಾಂದ್ರತೆ ಒಂದೇ ಆಗಿದ್ದರೆ ತಿರುಳು ಎಷ್ಟು ಜರಗಿದ್ದರೂ ಚೆಂಡು ಸುಮ್ಮನೆ ತೇಲುತ್ತದೆ. ನಿಧಾನವಾಗಿ ಹೊರಳುವ ಚೆಂಡಿನ ಭಾರ ಬಹುಮಟ್ಟಿಗೆ ಸಮವಾಗಿದೆ ಎಂದಷ್ಟೇ ಭಾವಿಸಬಹುದು, ತಿರುಳು ನಟ್ಟನಡುವೆ ಇದೆ ಎಂದಲ್ಲ. ನೀರೊಳಗೆ ಸರ್ರನೆ ತಿರುಗಿ ನಿಲ್ಲುವ ಚೆಂಡನ್ನು ಮಾತ್ರ ಬೇರೆ ಇಡಿ.

ನಿಮ್ಮ ಹತ್ತು ಗಜದ ಪ್ರಶ್ನೆಗೆ ಇನ್ನೊಂದು ಪರೀಕ್ಷೆ ಬೇಕು, ಏಕೆಂದರೆ ಡ್ರೈವರ್ ಚೆಂಡನ್ನು ಮುಟ್ಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಏಟಿನ ಬಲವನ್ನು ಮನೆಯ ಯಾವ ಸಾಧನವೂ ಅನುಕರಿಸದು. ನಿಮಗೆ ಸಂಶಯವಿರುವ ಎರಡು ಚೆಂಡುಗಳನ್ನೂ ನಂಬಿಕೆಯ ಎರಡು ಚೆಂಡುಗಳನ್ನೂ ಆರಿಸಿ. ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ನಿಮ್ಮ ಕ್ಯಾಡಿ ಗುರುತು ಹಾಕಲಿ, ಅವರೇ ಮನಬಂದ ಕ್ರಮದಲ್ಲಿ ಒಂದೊಂದನ್ನೇ ಕೊಡಲಿ. ಬೆಳಗ್ಗೆ ಖಾರ್ಘರ್‌ನ ಗುಡ್ಡದ ಗಾಳಿ ಏಳುವ ಮುನ್ನ, ಒಂದೇ ಐರನ್ ಕೋಲಿನಲ್ಲಿ ಪ್ರತಿ ಚೆಂಡನ್ನೂ ಎಂಟು ಹತ್ತು ಸಲ ಹೊಡೆದು ಬಿದ್ದ ಜಾಗಗಳನ್ನು ಬರೆದುಕೊಳ್ಳಿ. ಚೆನ್ನಾಗಿ ತಗುಲದ ಹೊಡೆತಗಳನ್ನು, ಚೆಂಡು ಎಲ್ಲಿ ಬಿತ್ತೆಂದು ನೋಡುವ ಮೊದಲೇ, ಲೆಕ್ಕದಿಂದ ತೆಗೆಯಿರಿ. ಸಂಶಯದ ಚೆಂಡು ಪ್ರತಿ ಸಲವೂ ಹಿಂದೆ ಬಿದ್ದರೆ ಚೆಂಡಿನದೇ ತಪ್ಪು. ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ ಬಿದ್ದರೆ ಕಾರಣ ನಿಮ್ಮ ತೋಳಿನಲ್ಲಿದೆ. ಹತ್ತು ಗಜವೆಂಬುದು ಒಳ್ಳೆಯ ಕಾರ್ಖಾನೆಯ ಒಂದೇ ಡಬ್ಬಿಯ ಚೆಂಡುಗಳಿಗೆ ಬಹಳ ದೊಡ್ಡ ಅಂತರ, ಆದರೆ ಹವ್ಯಾಸಿ ಆಟಗಾರನ ಎರಡು ಹೊಡೆತಗಳ ನಡುವೆ ತೀರ ಸಾಮಾನ್ಯ. ಹಾಗಾಗಿ ಪರೀಕ್ಷೆಗೆ ಮೊದಲೇ ಪಣ ಕಟ್ಟಬೇಕಾದರೆ ನಾನು ತೋಳಿನ ಕಡೆಗೇ ಕಟ್ಟುತ್ತೇನೆ. ದಯವಿಟ್ಟು ನೊಂದುಕೊಳ್ಳಬೇಡಿ, ನನ್ನ ಲೆಕ್ಕದ ಪುಸ್ತಕವೂ ಇದನ್ನೇ ಹೇಳುತ್ತದೆ.

ಕೊನೆಯದಾಗಿ ಕೆರೆಯ ಚೆಂಡುಗಳು. ಹೊದಿಕೆಯೊಳಕ್ಕೆ ನೀರಿನ ಆವಿ ನಿಧಾನವಾಗಿ ಇಳಿಯುತ್ತದೆ, ಯುರಿಥೇನ್ ಅದನ್ನು ಅಯಾನೋಮರ್‌ಗಿಂತ ಸುಲಭವಾಗಿ ಒಳಬಿಡುತ್ತದೆ. ತೇವ ಹೀರಿದ ತಿರುಳು ತನ್ನ ಪುಟಿತವನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ನಿನ್ನೆ ಬಿದ್ದು ಇಂದು ತೆಗೆದ ಚೆಂಡಿಗೆ ಏನೂ ಆಗಿರುವುದಿಲ್ಲ, ಒಂದು ಮಳೆಗಾಲವನ್ನು ಕೆಸರಿನಲ್ಲಿ ಕಳೆದ ಚೆಂಡಿನ ಮಾತು ಬೇರೆ. ತೊಂದರೆ ಏನೆಂದರೆ ತೊಳೆದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹೊಳಪು ಮಾಸಿ ಹಳದಿ ತಿರುಗಿದ್ದನ್ನು ಬಿಡಿ. ಅದಕ್ಕಿಂತ ಮುಖ್ಯವಾಗಿ, ಅನುಮಾನ ಹುಟ್ಟುವಷ್ಟು ಹೊಚ್ಚಹೊಸದಾಗಿ ಫಳಫಳಿಸುವುದನ್ನೂ ಬಿಡಿ. ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿದು ಮಾರುವ ಚೆಂಡುಗಳಲ್ಲಿ ಗುಳಿಗಳ ಆಳ ಮೊದಲಿನಂತೆ ಉಳಿದಿರುವುದಿಲ್ಲ, ಅದರ ಪರಿಣಾಮವನ್ನು ಮೇಲೆಯೇ ಹೇಳಿದ್ದೇನೆ. ಗುಳಿಯ ಅಂಚು ಉಗುರಿಗೆ ಚೂಪಾಗಿ ತಾಗಬೇಕು, ಮೊಂಡಾಗಿದ್ದರೆ ಅದು ಮರುಬಣ್ಣದ ಚೆಂಡಿರಬಹುದು. ಗ್ರೀನ್ ಬಳಿಯ ಸಣ್ಣ ಹೊಡೆತಗಳಾದ ಚಿಪ್ಪಿಂಗ್ ಮತ್ತು ಪಟ್ಟಿಂಗ್ ಅಭ್ಯಾಸಕ್ಕೂ, ನೀರನ್ನು ದಾಟಿಸಿ ಹೊಡೆಯಬೇಕಾದ ಹೋಲ್‌ಗಳಲ್ಲಿ ಧೈರ್ಯಕ್ಕೂ ಕ್ಯಾಡಿಗಳಿಂದ ಕೊಂಡ ಚೆಂಡುಗಳು ಸಾಕು. ಸ್ಪರ್ಧೆಯ ದಿನ ಮಾತ್ರ ನೀವೇ ತೂಗಿ ಆರಿಸಿಟ್ಟ ಚೆಂಡುಗಳನ್ನು ಒಯ್ಯಿರಿ, ಮತ್ತು ಅವುಗಳನ್ನು ಮುಂಬಯಿಯ ಮೇ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡದೆ ಮನೆಯೊಳಗಿನ ಕಪಾಟಿನಲ್ಲಿಡಿ.